ಪ್ರವಾಹ ರಕ್ಷಣಾ ದೋಣಿಯನ್ನು ಟ್ರೇಲರ್ ಮೇಲೆ ಇರಿಸಿ ಬಿಗಿಯುವ ಕ್ರಮ

ನಾರಾಯಣಪುರ ಜಲಾಶಯದಿಂದ ಕೃಷ್ಣಾ ನದಿಗೆ ಹೆಚ್ಚಿನ ನೀರು ಹರಿಸಿದಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಗಳ ಸಂಪರ್ಕ ಕಡಿದುಹೋಗುವುದು ಮಾನ್ಯ ಸದಸ್ಯರಿಗೆ ತಿಳಿದ ಸಂಗತಿಯೇ ಆಗಿದೆ. ಇಂತಹ ಸಂದರ್ಭದಲ್ಲಿ ದೋಣಿಯು ನೀರಿಗಿಳಿಯುವ ಮುನ್ನ ರಸ್ತೆಯಲ್ಲಿ ಸಾಗಬೇಕಾಗುತ್ತದೆ. ಅದೂ ಮಳೆಯಲ್ಲಿ, ಹಲವೊಮ್ಮೆ ರಾತ್ರಿಯ ವೇಳೆ. ದಾರಿಯಲ್ಲಿ ತಳ ಬಿರುಕುಬಿಟ್ಟ ದೋಣಿ ದಡ ತಲುಪಿದರೂ ನಿರುಪಯುಕ್ತ.

ಮೊದಲು ಗಮನಿಸಬೇಕಾದುದು ದೋಣಿಯ ಹಿಂಬದಿ. ಎಂಜಿನ್ನಿನ ಭಾರವೆಲ್ಲ ಅಲ್ಲಿಯೇ ಬೀಳುವುದರಿಂದ, ದೋಣಿಯ ಹಿಂದಿನ ಅಂಚು ಟ್ರೇಲರ್‌ನ ಆಧಾರದ ಹಲಗೆಗಳ ಮೇಲೆ ಪೂರ್ಣವಾಗಿ ಕುಳಿತಿರಬೇಕು. ಅದು ಹೊರಚಾಚಿದ್ದರೆ ಫೈಬರ್ ದೋಣಿಯ ತಳ ಕಾಲಕ್ರಮೇಣ ಬಾಗುತ್ತದೆ. ಹಿಂಬದಿ ಸರಿಯಾಗಿ ಕುಳಿತ ನಂತರವೇ ವಿಂಚ್ ಕಂಬವನ್ನು ಸರಿಸಿ ದೋಣಿಯ ಮೂತಿಗೆ ತಾಗುವಂತೆ ನಿಲ್ಲಿಸತಕ್ಕದ್ದು.

ಬಳಿಕ ಭಾರದ ಹಂಚಿಕೆ. ಎತ್ತಿನ ಗಾಡಿ ಹೂಡಿದವರಿಗೆ ಇದು ಹೊಸ ವಿಷಯವಲ್ಲ: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲಿಗೆ ಹೊರೆ. ಟ್ರೇಲರ್‌ನಲ್ಲಿಯೂ ಹಾಗೆಯೇ. ಒಟ್ಟು ತೂಕದ ಶೇ. 5ರಿಂದ 10ರಷ್ಟು ಭಾರ ಕೊಂಡಿಯ ಮೇಲಿರಬೇಕು. ದೋಣಿ, ಎಂಜಿನ್, ಇಂಧನದ ಕ್ಯಾನ್ ಮತ್ತು ಟ್ರೇಲರ್ ಸೇರಿ 600 ಕೆ.ಜಿ. ಇದ್ದರೆ, ಕೊಂಡಿಯ ಭಾರ 30ರಿಂದ 60 ಕೆ.ಜಿ. ಆಗಿರತಕ್ಕದ್ದು. ಇದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಎಡಬಲಕ್ಕೆ ತೂಗಾಡಿ ಎಳೆಯುವ ವಾಹನವನ್ನೇ ಅಲುಗಾಡಿಸುತ್ತದೆ. ಹೆಚ್ಚಾದರೆ ಜೀಪಿನ ಹಿಂಬದಿ ಕುಸಿದು ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಅಳೆಯಲು ವಿಶೇಷ ಉಪಕರಣ ಅನಗತ್ಯ. ಚೀಲ ತೂಗುವ ಸಾಮಾನ್ಯ ತೂಕದ ಯಂತ್ರದ ಮೇಲೆ ಮರದ ತುಂಡನ್ನಿಟ್ಟು, ಟ್ರೇಲರ್ ಸಮತಟ್ಟಾಗಿರುವಂತೆ ಕೊಂಡಿಯನ್ನು ಅದರ ಮೇಲಿರಿಸಿದರೆ ಸಾಕು. ಭಾರ ಸರಿಹೊಂದದಿದ್ದಲ್ಲಿ ದೋಣಿಯನ್ನು ಹಿಂದೆ ಜಾರಿಸದೆ, ಸಾಧ್ಯವಿರುವ ಟ್ರೇಲರ್‌ಗಳಲ್ಲಿ ಅಚ್ಚನ್ನೇ ಸರಿಸುವುದು ಸೂಕ್ತ.

ಬಿಗಿಯುವ ವಿಷಯದಲ್ಲಿ ಸಾಮಾನ್ಯವಾಗಿರುವ ಒಂದು ತಪ್ಪು ಗ್ರಹಿಕೆಯನ್ನು ಇಲ್ಲಿ ಹೇಳಲೇಬೇಕು. ವಿಂಚ್ ಪಟ್ಟಿಯು ದೋಣಿಯನ್ನು ಮೇಲೆಳೆಯುವ ಸಾಧನವೇ ಹೊರತು ಪ್ರಯಾಣದ ಭದ್ರತೆಯಲ್ಲ. ಮೂತಿಯ ಬಳೆಯಿಂದ ಟ್ರೇಲರ್ ಚೌಕಟ್ಟಿಗೆ ಪ್ರತ್ಯೇಕ ಸರಪಳಿ ಹಾಕಬೇಕು. ಹಿಂಬದಿಯ ಎರಡೂ ಬದಿಯ ಬಳೆಗಳಿಂದ ಚೌಕಟ್ಟಿಗೆ ಒಂದೊಂದು ರ್ಯಾಚೆಟ್ ಬೆಲ್ಟ್ ಬಿಗಿಯಬೇಕು. ಮುಂದೆ ಮಾತ್ರ ಕಟ್ಟಿದರೆ ರಸ್ತೆಯ ಪ್ರತಿ ಉಬ್ಬಿನಲ್ಲೂ ಹಿಂಬದಿ ಎದ್ದು ಬೀಳುತ್ತದೆ. ನೈಲಾನ್ ಹಗ್ಗ ಅಗ್ಗವಾಗಿ ದೊರೆಯುವುದೇನೋ ನಿಜ, ಆದರೆ ನೆನೆದಾಗ ಮತ್ತಷ್ಟು ಹಿಗ್ಗುತ್ತದೆ. ಮಳೆಗಾಲದ ಕೆಲಸಕ್ಕೆ ಅದನ್ನು ನಂಬುವುದು ಉಚಿತವಲ್ಲ. ಟ್ರೇಲರ್‌ನಿಂದ ವಾಹನಕ್ಕೆ ಹಾಕುವ ಎರಡು ಸರಪಳಿಗಳು ಕೊಂಡಿಯ ಕೆಳಗೆ ಪರಸ್ಪರ ಅಡ್ಡ ಹಾಯ್ದಿದ್ದರೆ, ಕೊಂಡಿ ಕಳಚಿದರೂ ಮುಂಭಾಗ ನೆಲಕ್ಕೆ ಬೀಳದೆ ಅವುಗಳ ಮೇಲೆ ನಿಲ್ಲುತ್ತದೆ.

ಹೊರಟ ಕೆಲವು ಕಿಲೋಮೀಟರ್‌ಗಳಲ್ಲಿ ಒಮ್ಮೆ ನಿಲ್ಲಿಸಿ ಬೆಲ್ಟ್‌ಗಳನ್ನು ಮರುಬಿಗಿಯತಕ್ಕದ್ದು. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಂತೂ ಗಾಳಿ ಸ್ವಲ್ಪ ಇಳಿದರೂ ಬೆಲ್ಟ್ ಸಡಿಲವಾಗುತ್ತದೆ. ದೋಣಿಯ ಟ್ರೇಲರ್ ಲಭ್ಯವಿಲ್ಲದೆ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಸಾಗಿಸುವ ಅನಿವಾರ್ಯತೆ ಬಂದಲ್ಲಿ, ಎಂಜಿನ್ನನ್ನು ಬಿಚ್ಚಿ ಪ್ರತ್ಯೇಕವಾಗಿ ಕಟ್ಟಿ, ದೋಣಿಯ ಕೆಳಗೆ ಹುಲ್ಲು ತುಂಬಿದ ಚೀಲಗಳನ್ನು ಹಾಸಬೇಕು.

ದೋಣಿಯ ತಳದ ಬಿರಡೆಯನ್ನು ಪ್ರಯಾಣದಲ್ಲಿ ತೆಗೆದಿಡುವುದು ಒಳಿತು. 100 ಲೀಟರ್ ಮಳೆನೀರು ನಿಂತರೆ 100 ಕೆ.ಜಿ. ಹೆಚ್ಚುವರಿ ಭಾರ. ತೆಗೆದ ಬಿರಡೆಯನ್ನು ಎಂಜಿನ್ನಿನ ಕೀಲಿಯೊಂದಿಗೇ ಕಟ್ಟಿಡತಕ್ಕದ್ದು; ಆಗ ಬಿರಡೆ ಕೈಗೆ ಸಿಗದೆ ಎಂಜಿನ್ ಚಾಲೂ ಆಗದು.