ಕಂಪ್ಯೂಟರ್ ಹೊಸದು, ಹಗೇವು ಹಳೆಯದು

ಹಗೇವು ಎಂಬ ಮಾತನ್ನು ನನ್ನ ವಯಸ್ಸಿನವರು ಅಜ್ಜ–ಅಜ್ಜಿಯರ ಬಾಯಲ್ಲಿ ಕೇಳಿರುತ್ತೇವೆ, ಅಷ್ಟೇ. ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಆಳದ ಗುಂಡಿ ಅದು. ಎಷ್ಟು ಚೀಲ ಹಿಡಿಯುತ್ತದೆ ಎಂಬುದು ತೋಡಿದ ದಿನವೇ ತೀರ್ಮಾನವಾಗಿರುತ್ತದೆ. ಮೇಲಿನ ಮಣ್ಣಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದರೂ ಕೆಳಗಿನ ಹಗೇವು ದೊಡ್ಡದಾಗುವುದಿಲ್ಲ. ನಮ್ಮ ಇ–ಮೇಲ್‌ಗಳ ಕಥೆಯೂ ಹೀಗೇ ಎಂದು ನನಗೆ ಗೊತ್ತಾಗಿದ್ದು ಅಣ್ಣಿಗೇರಿಯ ಒಂದು ದಲಾಲಿ ಅಂಗಡಿಯಲ್ಲಿ.

ಬಿಇ ಓದುವವರು ರಜೆಗೆ ಊರಿಗೆ ಹೋದರೆ ಕಂಪ್ಯೂಟರ್ ರಿಪೇರಿ ತಪ್ಪಿದ್ದಲ್ಲ. ಓದುತ್ತಿರುವುದು ಮೆಕ್ಯಾನಿಕಲ್ ಎಂದರೂ ಯಾರೂ ಕೇಳುವುದಿಲ್ಲ, ಬಿಇ ಅಂದರೆ ಬಿಇ! ಅಂಗಡಿಯ ಕಾಕಾ ಕಡಲೆ, ಹೆಸರು, ಒಣಮೆಣಸಿನಕಾಯಿ ವ್ಯಾಪಾರದವರು. 2002ರ ಸುಮಾರಿನಿಂದ ಹೊರಗಿನ ಖರೀದಿದಾರರ ಜೊತೆಗಿನ ಪತ್ರವ್ಯವಹಾರವೆಲ್ಲ ಔಟ್‌ಲುಕ್ ಎಂಬ ಮೇಲ್ ತಂತ್ರಾಂಶದಲ್ಲಿದೆ. ಯಾರು ಎಷ್ಟು ಕ್ವಿಂಟಲ್ ಕೇಳಿದ್ದರು, ಯಾವ ಲಾರಿ ಯಾವಾಗ ಹೋಯಿತು, ಯಾರ ಬಾಕಿ ಎಷ್ಟು, ಎಲ್ಲಕ್ಕೂ ಸಾಕ್ಷಿ ಅದೇ. ಹೊಸ ಕಂಪ್ಯೂಟರ್, ಹೊಸ ಆಫೀಸ್ ತಂತ್ರಾಂಶ ಹಾಕಿಸಿದ ನಾಲ್ಕೇ ದಿನಕ್ಕೆ ಮೇಲ್ ಬರುವುದು ನಿಂತುಹೋಗಿತ್ತು.

‘ತಮ್ಮಾ, ಎಲ್ಲಾ ಹೊಸಾದು ಹಾಕ್ಸೇನಿ. ಮತ್ತ್ಯಾಕ ತುಂಬೇತಿ ತುಂಬೇತಿ ಅಂತೈತಿ ಇದು?’ ಎಂದರು ಕಾಕಾ. ಅಷ್ಟರಲ್ಲಿ ಯಾರೋ ದೊಡ್ಡ ಹಾರ್ಡ್ ಡಿಸ್ಕ್ ಕೊಳ್ಳಲು ಸಲಹೆಯನ್ನೂ ಕೊಟ್ಟಾಗಿತ್ತು. ನೋಡಿದರೆ ಡಿಸ್ಕ್ ಮುಕ್ಕಾಲು ಭಾಗ ಖಾಲಿ!

ಔಟ್‌ಲುಕ್ ಮೇಲ್‌ಗಳನ್ನು ಪಿಎಸ್‌ಟಿ ಎಂಬ ಒಂದೇ ದೊಡ್ಡ ಫೈಲಿನಲ್ಲಿ ತುಂಬಿಡುತ್ತದೆ. 97ರಿಂದ 2002ರವರೆಗಿನ ಆವೃತ್ತಿಗಳು ಮಾಡಿಟ್ಟ ಫೈಲಿನ ಮಿತಿ 2 ಜಿಬಿ. ಫೈಲಿನೊಳಗೆ ಯಾವ ಮೇಲ್ ಎಲ್ಲಿದೆ ಎಂಬ ವಿಳಾಸ ಬರೆಯಲು ಅದರಲ್ಲಿ 32 ಬಿಟ್ ಮಾತ್ರ. 2003ರ ಆವೃತ್ತಿಯಲ್ಲಿ 64 ಬಿಟ್ ವಿಳಾಸದ ಹೊಸ ಬಗೆಯ ಫೈಲ್ ಬಂತು. ಅದರ ಮಿತಿ ಮೊದಲು 20 ಜಿಬಿ, 2010ರ ಆವೃತ್ತಿಯಿಂದ 50 ಜಿಬಿ. ಆದರೆ ತಂತ್ರಾಂಶ ಹೊಸದಾದ ಮಾತ್ರಕ್ಕೆ ಹಳೆಯ ಫೈಲ್ ತಾನಾಗಿ ಹೊಸ ಬಗೆಗೆ ಬದಲಾಗುವುದಿಲ್ಲ. ತಂತ್ರಾಂಶ ಅದನ್ನು ಹಾಗೇ ತೆರೆದು ಕೆಲಸ ಮುಂದುವರಿಸುತ್ತದೆ. ಮಿತಿ ಇರುವುದು ಫೈಲಿಗೆ. ಕಾಕಾ ಅವರ ಫೈಲ್ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನಕಲಾಗುತ್ತಾ ಇಪ್ಪತ್ತು ವರ್ಷ ದಾಟಿತ್ತು.

ಸರಿ, ಆದರೆ ತಂತ್ರಾಂಶ ಬದಲಿಸಿದ ವಾರವೇ ಯಾಕೆ ತುಂಬಬೇಕು? ಹೊಸ ಯಂತ್ರದಲ್ಲಿ ಖಾತೆಯನ್ನು ಮತ್ತೆ ಜೋಡಿಸಿದಾಗ, ಸರ್ವರ್‌ನಲ್ಲಿ ಉಳಿದಿದ್ದ ಹಳೆಯ ಮೇಲ್‌ಗಳನ್ನೂ ಔಟ್‌ಲುಕ್ ಹೊಸವೆಂದೇ ತಿಳಿದು ಇನ್ನೊಮ್ಮೆ ಇಳಿಸಿಕೊಂಡಿತ್ತು. ಮೊದಲೇ ಅಂಚಿಗೆ ಬಂದಿದ್ದ ಫೈಲ್ ಎರಡನೇ ಪ್ರತಿಗಳ ಭಾರಕ್ಕೆ ತುಂಬಿಹೋಯಿತು.

ಅಂತರ್ಜಾಲದಲ್ಲಿ ಹುಡುಕಿದರೆ ವಿಂಡೋಸ್ ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆ ಬದಲಿಸಿ ಎಂಬ ಸಲಹೆ ಮೊದಲು ಸಿಗುತ್ತದೆ. ಅದು ಸುಳ್ಳಲ್ಲ, ಆದರೆ ಅದರಿಂದ ಹಿಗ್ಗುವುದು ಹೊಸ ಬಗೆಯ ಫೈಲ್ ಮಾತ್ರ. ಹಳೆಯದನ್ನು ಯಾವ ಸಂಖ್ಯೆಯೂ 2 ಜಿಬಿ ದಾಟಿಸಲಾರದು. ಹಾಗಾಗಿ ರಿಜಿಸ್ಟ್ರಿ ಮುಟ್ಟುವ ಮೊದಲು ಫೈಲ್ ಯಾವ ಬಗೆಯದು ಎಂದು ನೋಡಬೇಕು. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಫೈಲ್ಸ್ ತೆರೆದು, ಆ ಫೈಲಿನ ಸೆಟ್ಟಿಂಗ್ಸ್ ಒತ್ತಿದರೆ ಬಗೆ ಯಾವುದೆಂದು ಬರೆದಿರುತ್ತದೆ. ‘97–2002’ ಎಂದಿದ್ದರೆ ರೋಗ ಸಿಕ್ಕಂತೆಯೇ.

ಔಟ್‌ಲುಕ್ ಮುಚ್ಚಿ ಮೊದಲು ಇಡೀ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟೆವು. ಇಪ್ಪತ್ತು ವರ್ಷದ ಲೆಕ್ಕವನ್ನು ನಕಲಿಲ್ಲದೆ ಮುಟ್ಟುವ ಧೈರ್ಯ ಯಾರಿಗಿದೆ? ಮಿತಿ ತಲುಪಿದ ಫೈಲ್ ಒಳಗೆ ಕೆಟ್ಟಿರುವುದೂ ಉಂಟು. ಆಫೀಸ್ ಜೊತೆಗೇ ಬರುವ ಸ್ಕ್ಯಾನ್‌ಪಿಎಸ್‌ಟಿ ಎಂಬ ರಿಪೇರಿ ತಂತ್ರಾಂಶವನ್ನು ಅದರ ಮೇಲೆ ಓಡಿಸಿದೆವು. ಆಮೇಲೆ ಹೊಸ ಬಗೆಯ ಖಾಲಿ ಫೈಲ್ ಮಾಡಿ, ಅದನ್ನೇ ಡಿಫಾಲ್ಟ್ ಎಂದು ಗುರುತಿಸಿ, ಹಳೆಯದರ ಫೋಲ್ಡರ್‌ಗಳನ್ನು ವರ್ಷವಾರು ಎಳೆದು ತಂದೆವು. ಇಲ್ಲಿ ಅವಸರ ಮಾಡಿದರೆ ನಡುವೆ ನಿಂತುಬಿಡುತ್ತದೆ. ಕರೆಂಟ್ ಎರಡು ಸಲ ಹೋಗಿದ್ದರಿಂದ ಸಂಜೆಯಾಯಿತು. ವಿಳಾಸ ಪಟ್ಟಿಯನ್ನೂ ತರಲು ಮರೆಯಬಾರದು, ಹಲವರು ಮೇಲ್‌ಗಳನ್ನಷ್ಟೇ ತಂದು ಸಂಪರ್ಕಗಳನ್ನು ಅಲ್ಲೇ ಬಿಡುತ್ತಾರೆ.

ಇನ್ನೊಂದು ಸಂಗತಿ ನನಗೆ ಬೇಸರ ತಂದಿತು. ಕನ್ನಡದಲ್ಲಿ ಬಂದಿದ್ದ ಮೇಲ್‌ಗಳ ವಿಷಯದ ಸಾಲಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹಳೆಯ ಬಗೆಯ ಫೈಲಿಗೆ ಯೂನಿಕೋಡ್ ಗೊತ್ತಿಲ್ಲ, ಹಾಗಾಗಿ ಕನ್ನಡ ಅಕ್ಷರಕ್ಕೆ ಅದರಲ್ಲಿ ಜಾಗವೇ ಇಲ್ಲ. ಹೊಸ ಫೈಲಿಗೆ ಬಂದ ಮೇಲೆ ಹೊಸ ಮೇಲ್‌ಗಳಲ್ಲಿ ಕನ್ನಡ ಸರಿಯಾಗಿ ಕಂಡಿತು. ಹಳೆಯ ಪ್ರಶ್ನಾರ್ಥಕಗಳು ಹಾಗೇ ಉಳಿದವು.

ತಡೆದು ನಿಂತಿದ್ದ ನಾಲ್ಕು ದಿನದ ಮೇಲ್‌ಗಳು ಮಾತ್ರ ಸರ್ವರ್‌ನಲ್ಲೇ ಕಾಯುತ್ತಿದ್ದವು. ಒಂದೂ ಹೋಗಲಿಲ್ಲ.

ಕೆಲಸ ಹುಡುಕುವ ನಮ್ಮಂಥವರಿಗೆ ಆ ಅದೃಷ್ಟವಿಲ್ಲ. ನಮ್ಮದು ಜಿಮೇಲ್. 2004ರ ಏಪ್ರಿಲ್ 1ರಂದು ಗೂಗಲ್ 1 ಜಿಬಿ ಉಚಿತ ಎಂದಾಗ ಜನ ಏಪ್ರಿಲ್ ಫೂಲ್ ಎಂದುಕೊಂಡಿದ್ದರಂತೆ. ಆಗ ಹಾಟ್‌ಮೇಲ್ ಕೊಡುತ್ತಿದ್ದದ್ದು 2 ಎಂಬಿ! ಈಗ 15 ಜಿಬಿ ಇದೆ, ಆದರೆ ಅದು ಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಹೊಸ ಫೋಟೋಗಳೂ, ಈಚೆಗೆ ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ಪೂ ಇದರಲ್ಲೇ ಲೆಕ್ಕ. ಹೊಸ ಫೋನ್ ಕೊಂಡರೂ ಖಾತೆ ಅದೇ, ಜಾಗವೂ ಅಷ್ಟೇ. ತುಂಬಿತೆಂದರೆ ನಿಮಗೆ ಬರುವ ಮೇಲ್ ಕಳಿಸಿದವರಿಗೇ ಹಿಂದಿರುಗುತ್ತದೆ.

ಕುಂದಗೋಳ ತಾಲ್ಲೂಕಿನ ನನ್ನ ಗೆಳೆಯನಿಗೆ ಆದದ್ದು ಇದೇ. ಡಿಪ್ಲೊಮಾ ಮುಗಿಸಿ ಹತ್ತಾರು ಕಡೆ ಅರ್ಜಿ ಹಾಕಿದ್ದ. ಹೊಸ ಫೋನ್ ಬಂದ ಮೇಲೆ ಬ್ಯಾಕಪ್‌ಗಳೆಲ್ಲ ತಾನಾಗಿ ಶುರುವಾಗಿ ಖಾತೆ ತುಂಬಿತ್ತು. ಫೋನ್ ದಿನವೂ ಎಚ್ಚರಿಸುತ್ತಿದ್ದರೂ ದುಡ್ಡು ಕೇಳುವ ಜಾಹೀರಾತು ಎಂದುಕೊಂಡು ಅದನ್ನು ಸರಿಸಿಬಿಡುತ್ತಿದ್ದ. ಕೊನೆಗೆ ಒಂದು ಕಂಪನಿಯವರೇ ಫೋನ್ ಮಾಡಿ, ‘ನಿಮಗೆ ಕಳಿಸಿದ ಮೇಲ್ ವಾಪಸ್ ಬರ್ತಿದೆ’ ಎಂದರು.

ಇಬ್ಬರೂ ಕೂತು ಗುಡಿಸಿದೆವು. ಅರ್ಧದಷ್ಟು ಜಾಗ ತಿಂದಿದ್ದು ವಾಟ್ಸ್‌ಆ್ಯಪ್ ವಿಡಿಯೊಗಳು, ಶುಭೋದಯದ ಚಿತ್ರಗಳು ಮತ್ತು ಯಾರದೋ ಮದುವೆಯ ಚಿತ್ರೀಕರಣ. ವಾಟ್ಸ್‌ಆ್ಯಪ್ ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸುವುದನ್ನು ನಿಲ್ಲಿಸಿದೆವು. ಜಿಮೇಲ್‌ನ ಹುಡುಕುವ ಜಾಗದಲ್ಲಿ ‘ಲಾರ್ಜರ್:10ಎಂ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ 10 ಎಂಬಿಗಿಂತ ದೊಡ್ಡ ಮೇಲ್‌ಗಳು ಮಾತ್ರ ಬರುತ್ತವೆ. ಅವನ್ನು ಅಳಿಸಿ, ಟ್ರ್ಯಾಶನ್ನೂ ಖಾಲಿ ಮಾಡಿದೆವು. ಇಲ್ಲದಿದ್ದರೆ ಅಳಿಸಿದ್ದು ಅಲ್ಲಿ 30 ದಿನ ಜಾಗ ಹಿಡಿದೇ ಕೂತಿರುತ್ತದೆ.

ಹೊಸ ಮೇಲ್‌ಗಳು ಬರತೊಡಗಿದವು. ವಾಪಸ್ ಹೋದವು ತಾವಾಗಿ ಬರಲಿಲ್ಲ. ಅರ್ಜಿ ಹಾಕಿದ ಕಂಪನಿಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಮರುಕಳಿಸಲು ವಿನಂತಿಸಿ ಬರೆದ. ಮೂರು ಕಡೆಯಿಂದ ಉತ್ತರ ಬಂತು. ಎರಡರಲ್ಲಿ ಸಂದರ್ಶನ ಮುಗಿದಿತ್ತು. ಮೂರನೆಯದಕ್ಕೆ ಬರುವ ಬುಧವಾರ ಬೆಳಗಾವಿಗೆ ಹೊರಟಿದ್ದಾನೆ.