ಲಕ್ವಾ ಹೊಡೆದ ಮೇಲೆ ಮನೆಯೇ ಆಸ್ಪತ್ರೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ದುಡಿಮೆ ಎಂದರೆ ಕೈಕಾಲಿನ ದುಡಿಮೆ. ಕಬ್ಬು ಕಡಿಯುವುದಿರಲಿ, ಗಾಣದ ಮನೆಯಲ್ಲಿ ಬೆಲ್ಲ ಮಾಡುವುದಿರಲಿ, ಮಗ್ಗದ ಮುಂದೆ ಕೂತು ಸೀರೆ ನೇಯುವುದಿರಲಿ, ಎರಡೂ ಕೈ ಬೇಕು. ಅಂಥ ಮನೆಯ ಯಜಮಾನನಿಗೆ ಒಂದು ಮುಂಜಾನೆ ಲಕ್ವಾ ಹೊಡೆದರೆ? ಬಾಯಿ ಸೊಟ್ಟಗಾಗಿ, ಒಂದು ಕೈ, ಒಂದು ಕಾಲು ಜೋತು ಬಿದ್ದು, ಮಾತು ತೊದಲಿದರೆ ಮನೆಯ ಲೆಕ್ಕಾಚಾರವೆಲ್ಲ ಏರುಪೇರಾಗುತ್ತದೆ. ಮಗನ ಕಾಲೇಜು, ಮಗಳ ಪರೀಕ್ಷೆ, ಸೊಸೆಯ ಕೂಲಿ ಎಲ್ಲಕ್ಕೂ ಅದರ ಬಿಸಿ ತಟ್ಟುತ್ತದೆ.

ಲಕ್ವಾ ಅಥವಾ ಪಾರ್ಶ್ವವಾಯು ಕಾಣಿಸುವುದು ಕೈಕಾಲಿನಲ್ಲಿ. ಆದರೆ ಪೆಟ್ಟು ಬೀಳುವುದು ಮಿದುಳಿಗೆ. ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ಕಟ್ಟಿಕೊಳ್ಳುವುದೇ ಹೆಚ್ಚು. ಎಡ ಮಿದುಳು ಬಲಗೈ ಬಲಗಾಲನ್ನು ಆಳುವುದರಿಂದ ಅಲ್ಲಿ ಪೆಟ್ಟಾದರೆ ಬಲಭಾಗ ಸೋಲುತ್ತದೆ; ಬಹುತೇಕರಲ್ಲಿ ಮಾತಿನ ಕೇಂದ್ರವೂ ಅಲ್ಲಿಯೇ ಇದೆ. ನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಆದ್ದರಿಂದ ಲಕ್ಷಣ ಕಂಡ ಕೂಡಲೇ 108ಕ್ಕೆ ಕರೆ ಮಾಡಬೇಕೇ ಹೊರತು ಪಾರಿವಾಳದ ರಕ್ತ ಸವರುವವರನ್ನು ಹುಡುಕುತ್ತ ಹೊತ್ತು ಕಳೆಯಬಾರದು.

ನಿಜವಾದ ದುಡಿಮೆ ಆಮೇಲೆ

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಚಿಕಿತ್ಸೆ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. 'ಇನ್ನು ಆರಾಮಾಗಿ ಮಲಗಲಿ' ಎಂದು ಹೊರಸಿನ ಮೇಲೆ ಮಲಗಿಸಿಬಿಡುತ್ತಾರೆ. ಪ್ರೀತಿಯಿಂದ ಮಾಡುವ ಈ ಉಪಚಾರವೇ ಹಾನಿ ಮಾಡುತ್ತದೆ. ಸತ್ತ ಮಿದುಳಿನ ಭಾಗ ಮತ್ತೆ ಹುಟ್ಟಲಾರದು. ಆದರೆ ಉಳಿದ ಭಾಗಗಳು ಹೊಸ ಕೆಲಸ ಕಲಿಯಬಲ್ಲವು. ಒಂದೇ ಚಲನೆಯನ್ನು ನೂರಾರು ಸಲ ಮಾಡಿಸಿದರೆ ಮಾತ್ರ ಆ ಕಲಿಕೆ ನಡೆಯುತ್ತದೆ. ಮಗ್ಗಿ ಬಾಯಿಪಾಠವಾಗುವುದೂ ಹೀಗೆಯೇ ಅಲ್ಲವೇ? ಮೊದಲ ಮೂರು ತಿಂಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ಆದರೆ ವರ್ಷ ಕಳೆದರೂ ಪೂರ್ತಿ ನಿಲ್ಲುವುದಿಲ್ಲ.

ಇಲ್ಲಿಯೇ ನಮ್ಮ ಸೀಮೆಯ ತೊಡಕು. ದೊಡ್ಡ ಆಸ್ಪತ್ರೆಗೆಂದು ವಿಜಯಪುರಕ್ಕೆ ಹೋಗಬೇಕು, ಬಾಗಲಕೋಟೆಗೆ ಹೋಗಬೇಕು, ಇಲ್ಲವೇ ಬೆಳಗಾವಿಗೆ. ಜಮಖಂಡಿಯಿಂದ ವಿಜಯಪುರ ಸುಮಾರು 60 ಕಿ.ಮೀ. ನಡೆಯಲಾರದ ರೋಗಿಯನ್ನು ವಾರಕ್ಕೆ ಮೂರು ಸಲ ಕರೆದೊಯ್ಯಲು ಗಾಡಿ ಬಾಡಿಗೆ ಬೇಕು, ಜೊತೆಗೆ ಹೋದವರ ಅಂದಿನ ಕೂಲಿಯೂ ಹೋಗುತ್ತದೆ. ಎರಡು ತಿಂಗಳಿಗೆ ಓಡಾಟ ನಿಂತುಬಿಡುತ್ತದೆ. ಆದ್ದರಿಂದ ಫಿಸಿಯೋಥೆರಪಿಸ್ಟರ ಬಳಿಗೆ ಹೋದಾಗಲೇ ಮನೆಯವರೊಬ್ಬರು ವ್ಯಾಯಾಮ ಕಲಿತುಕೊಂಡು ಬರುವುದು ಜಾಣತನ.

ಮನೆಯಲ್ಲಿ ಮಾಡುವುದೇನು?

ಎದ್ದು ಕೂರಿಸುವಾಗ ಸೋತ ಕೈ ಹಿಡಿದು ಎಳೆಯಬಾರದು; ಹೆಗಲ ಕೀಲು ಜಾರುತ್ತದೆ. ಹೊರಳಲಾರದವರ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಮಲಗಿದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿದೀತು. ನುಂಗುವುದನ್ನು ವೈದ್ಯರು ಪರೀಕ್ಷಿಸಿದ ಮೇಲೆ, ನೆಟ್ಟಗೆ ಕೂರಿಸಿ, ಅವರು ಹೇಳಿದ ಹದದ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಪಾಯಖಾನೆಗೆ ಒಂದು ಕುರ್ಚಿ, ಗೋಡೆಗೊಂದು ಹಿಡಿಕೆ ಹಾಕಿಸಿದರೆ ಬೀಳುವ ಭಯ ತಗ್ಗುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ತಪ್ಪಿಸಬಾರದು, ತಂಬಾಕು ಮುಟ್ಟಬಾರದು. ಇಲ್ಲವಾದರೆ ಎರಡನೆಯ ಪೆಟ್ಟು ಬಿದ್ದೀತು.

ವ್ಯಾಯಾಮಕ್ಕೆ ಯಂತ್ರವೇ ಬೇಕೆಂದಿಲ್ಲ. ಬನಹಟ್ಟಿಯ ನೇಕಾರನಿಗೆ ಕಂಡಿಕೆ ಸುತ್ತುವುದು, ಗೃಹಿಣಿಗೆ ಹಿಟ್ಟು ನಾದುವುದು, ಅಜ್ಜನಿಗೆ ಶೇಂಗಾ ಸುಲಿಯುವುದು ಬೆರಳಿಗೆ ಒಳ್ಳೆಯ ಪಾಠ. ಮಾತು ನಿಂತ ಕೆಲವರು ರೂಢಿಯಾದ ಭಜನೆಯ ಪದವನ್ನು ಹಾಡಬಲ್ಲರು. ಮಾತಿನ ತರಬೇತುದಾರರು ಈ ದಾರಿಯನ್ನೂ ಬಳಸುತ್ತಾರೆ. ಮಾತು ಹೊರಡದವರಿಗೆ ಬುದ್ಧಿ ಹೋಗಿದೆ ಎಂದು ತಿಳಿಯಬಾರದು. ಅವರ ಎದುರಿಗೇ 'ಇವರ ಕಥೆ ಮುಗೀತು' ಎನ್ನುವವರ ಮಾತು ಅವರಿಗೆ ಕೇಳಿಸುತ್ತದೆ, ನೋಯಿಸುತ್ತದೆ. ಲಕ್ವಾ ಆದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಖಿನ್ನತೆ ಕಾಡುತ್ತದೆ, ಅದಕ್ಕೂ ಔಷಧವಿದೆ.

ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್‌ಗೆ 1868ರಲ್ಲಿ, 45ನೆಯ ವಯಸ್ಸಿನಲ್ಲಿ ಎಡಭಾಗಕ್ಕೆ ಲಕ್ವಾ ಹೊಡೆಯಿತು. ಹುಚ್ಚುನಾಯಿ ಕಡಿತಕ್ಕೆ ಅವರು ಲಸಿಕೆ ಕೊಟ್ಟದ್ದು ಆಮೇಲೆ, 1885ರಲ್ಲಿ. ಸ್ವೀಡನ್ನಿನ ಕವಿ ತೊಮಾಸ್ ಟ್ರಾನ್‌ಸ್ಟ್ರೋಮರ್ 1990ರಲ್ಲಿ ಬಲಗೈಯ ಬಲವನ್ನೂ ಮಾತನ್ನೂ ಕಳೆದುಕೊಂಡರು. ಎಡಗೈಯಿಂದ ಪಿಯಾನೊ ನುಡಿಸುತ್ತ, ಕವಿತೆ ಬರೆಯುತ್ತ ಬಾಳಿದ ಅವರಿಗೆ 2011ರಲ್ಲಿ ನೊಬೆಲ್ ಬಂತು.

ಪಾಲಕರಿಗೆ, ಮಕ್ಕಳಿಗೆ

ಇಂಥ ಮನೆಗಳಲ್ಲಿ ಮೊದಲು ಶಾಲೆ ಬಿಡುವವಳು ಹೆಣ್ಣುಮಗಳು. ಅಜ್ಜನ ಸೇವೆ ಪುಣ್ಯದ ಕೆಲಸವೇ. ಆದರೆ ಅದು ಒಬ್ಬಳ ತಲೆಗೇ ಬೀಳಬೇಕೇ? ಮುಂಜಾನೆ ಅರ್ಧ ತಾಸು ಮೊಮ್ಮಗ ನಡೆಸಲಿ, ಸಂಜೆ ಮೊಮ್ಮಗಳು ಪತ್ರಿಕೆ ಓದಿಸಲಿ, ಮೈ ತೊಳೆಸಲು ಮಗ ಹೆಗಲು ಕೊಡಲಿ. ಕೆಲಸ ಹಂಚಿಕೊಂಡರೆ ಯಾರ ಓದೂ ನಿಲ್ಲಬೇಕಿಲ್ಲ. ಕೈಕಾಲಿನ ಊನ ಉಳಿದುಬಿಟ್ಟರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಸರಕಾರದ ಸೌಲಭ್ಯಗಳಿಗೆ ಅದೇ ಬಾಗಿಲು.

ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ವೈದ್ಯಕೀಯ ಸೀಟು ಸಿಗಲಿಲ್ಲವೆಂದು ಕೊರಗುವವರು ಫಿಸಿಯೋಥೆರಪಿ, ಆಕ್ಯುಪೇಶನಲ್ ಥೆರಪಿ ಕಡೆ ಕಣ್ಣು ಹಾಯಿಸಬಹುದು. ಮಾತಿನ ಚಿಕಿತ್ಸೆ ಕಲಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿಯೇ ಇದೆ. 1989ರಲ್ಲಿ ಜಮಖಂಡಿ ಸೀಮೆಯ ರೈತರು ಯಾರಿಗೂ ಕಾಯದೆ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ತಾವೇ ಬ್ಯಾರೇಜು ಕಟ್ಟಿಕೊಂಡರು. ಅಂಥ ನೆಲದ ಮಕ್ಕಳಲ್ಲಿ ತಾಲ್ಲೂಕಿಗೆ ನಾಲ್ಕು ಮಂದಿ ಈ ವಿದ್ಯೆ ಕಲಿತು ಊರಿಗೆ ಮರಳಿದರೂ ಸಾಕು, ಎಷ್ಟೋ ಅಜ್ಜಂದಿರು ಹೊರಸು ಬಿಟ್ಟು ಕಟ್ಟೆಗೆ ಬಂದು ಕೂತಾರು.