ತೋಟ ಕಾಯುವ ಕೋವಿ ಎಷ್ಟು ನಂಬಿಗಸ್ತ?

ಬೆಟ್ಟಂಪಾಡಿ (ಪುತ್ತೂರು): ಕೇರಳದ ಗಡಿಗೆ ಸಮೀಪದ ಬೆಟ್ಟಂಪಾಡಿ, ಇರ್ದೆ, ಪಾಣಾಜೆ ಭಾಗದ ಅಡಿಕೆ ತೋಟಗಳಲ್ಲಿ ರಾತ್ರಿ ಹೊತ್ತು ಒಮ್ಮೆಲೇ ಕೇಳಿಬರುವ ಸದ್ದಿಗೆ ಹೊಸಬರು ಬೆಚ್ಚಿಬೀಳಬಹುದು. ಊರಿನವರಿಗೆ ಅದು ಹಂದಿ ಇಳಿದಿದೆ ಎಂಬ ಸೂಚನೆಯಷ್ಟೆ. ಹಾಗೆ ಸದ್ದು ಮಾಡುವುದು ಹಲವು ಬಾರಿ ಗರ್ನಾಲು, ಕೆಲವು ಬಾರಿ ಪರವಾನಗಿ ಪಡೆದ ಕೋವಿ. ಪಟ್ಟಣದಲ್ಲಿ ಕೋವಿ ಎಂದೊಡನೆ ಅಪರಾಧ ಸುದ್ದಿಯೋ ಬೇಟೆಯೋ ನೆನಪಾಗುತ್ತದೆ. ಇಲ್ಲಿ ಅದು ಹಾರೆ, ಕತ್ತಿ, ಔಷಧಿ ಸಿಂಪಡಿಸುವ ಪಂಪುಗಳ ಸಾಲಿಗೆ ಸೇರಿದ ಕೃಷಿ ಸಲಕರಣೆ. ಆದುದರಿಂದ ಅದನ್ನು ಅಳೆಯುವ ಮಾನದಂಡವೂ ಬೇರೆ. ಆರು ತಿಂಗಳು ಮೂಲೆಯಲ್ಲಿದ್ದು, ಬೇಕಾದ ಒಂದು ರಾತ್ರಿ, ಮಳೆ ಹನಿಯುತ್ತಿರುವಾಗ, ಮೊದಲ ಎಳೆತಕ್ಕೇ ಅದು ಸಿಡಿಯುತ್ತದೆಯೇ ಎಂಬುದೇ ಕೋವಿ ಹೊಂದಿದವರ ಮುಖ್ಯ ಪ್ರಶ್ನೆ.

ಇದೇ ಪ್ರಶ್ನೆ ಅಮೆರಿಕದಲ್ಲಿ ಬೇರೊಂದು ರೂಪದಲ್ಲಿ ಚರ್ಚೆಯಾಗುತ್ತದೆ. ಕಾಡಿನ ಟರ್ಕಿ ಕೋಳಿಯನ್ನು ಬೇಟೆಯಾಡುವ ಅಲ್ಲಿನ ಹವ್ಯಾಸಿಗಳು ಅರೆ-ಸ್ವಯಂಚಾಲಿತ ಬಂದೂಕುಗಳ ವಿಶ್ವಾಸಾರ್ಹತೆಯ ಬಗ್ಗೆ ವರ್ಷಗಟ್ಟಲೆ ವಾದಿಸುತ್ತಾರೆ. ಜಾನ್ ಬ್ರೌನಿಂಗ್ ಎಂಬಾತ 20ನೇ ಶತಮಾನದ ಆರಂಭದಲ್ಲೇ ರೂಪಿಸಿಕೊಟ್ಟ ಈ ಬಗೆಯ ಬಂದೂಕಿನಲ್ಲಿ ಒಂದು ಈಡು ಹಾರಿದೊಡನೆ ಖಾಲಿ ತೋಟೆ ತಾನಾಗಿ ಹೊರಬಿದ್ದು ಹೊಸತು ಒಳಸೇರುತ್ತದೆ. ಈ ಕೆಲಸಕ್ಕೆ ಕೆಲವು ಮಾದರಿಗಳು ಸಿಡಿತದ ಅನಿಲವನ್ನು ಬಳಸಿಕೊಂಡರೆ, ಇನ್ನು ಕೆಲವು ಬಂದೂಕು ಹಿಂದಕ್ಕೆ ಒದೆಯುವ ರಭಸವನ್ನೇ ಬಳಸುತ್ತವೆ. ಅನಿಲದಿಂದ ನಡೆಯುವವು ಮಸಿ ಕಟ್ಟಿಕೊಂಡರೆ ಮುಷ್ಕರ ಹೂಡುತ್ತವೆ. ಒದೆತದಿಂದ ನಡೆಯುವವು ತೋಟೆಯ ಬಲ ಕಡಿಮೆಯಾದರೆ ಅರ್ಧದಲ್ಲಿ ನಿಲ್ಲುತ್ತವೆ. ಯಂತ್ರ ಹೆಚ್ಚಿದಷ್ಟೂ ಕೈಕೊಡುವ ಜಾಗಗಳೂ ಹೆಚ್ಚು ಎಂಬ ದೂರು ಅಲ್ಲಿಯೂ ಹಳೆಯದೇ.

ಬೆಟ್ಟಂಪಾಡಿಯ ಕೃಷಿಕನಿಗೆ ಆ ಚರ್ಚೆಯ ಗೊಡವೆಯಿಲ್ಲ. ಈ ನೆಲದಲ್ಲಿ ಕಾಡು ಟರ್ಕಿ ಇಲ್ಲ. ಗದ್ದೆಗೆ, ತರಕಾರಿ ಸಾಲಿಗೆ ಇಳಿಯುವ ದೊಡ್ಡ ಹಕ್ಕಿಯೆಂದರೆ ನವಿಲು, ಅದನ್ನು ಮುಟ್ಟುವಂತಿಲ್ಲ. ಅಲ್ಲದೆ ಭಾರತದ ಶಸ್ತ್ರಾಸ್ತ್ರ ನಿಯಮಗಳು ಅರೆ-ಸ್ವಯಂಚಾಲಿತ ಬಂದೂಕನ್ನು ನಿರ್ಬಂಧಿತ ವರ್ಗದಲ್ಲಿಟ್ಟಿವೆ. ಬೆಳೆ ರಕ್ಷಣೆಯ ಹೆಸರಿನಲ್ಲಿ ಅದಕ್ಕೆ ಜಿಲ್ಲಾಧಿಕಾರಿ ಕಚೇರಿಯಿಂದ ಪರವಾನಗಿ ದೊರೆಯದು. ಇಲ್ಲಿನ ಆಯ್ಕೆ ಎರಡೇ: ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ, ಅಥವಾ ಹಿಂಬದಿಯಿಂದ ತೋಟೆ ತುಂಬುವ ಒಂಟಿ ಇಲ್ಲವೇ ಜೋಡುನಳಿಗೆಯ ಕೋವಿ.

ಕಾನೂನೇ ಕೊಟ್ಟ ತೀರ್ಪು

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಒಂದು ಸ್ವಾರಸ್ಯವಿದೆ. ನೈಜ ಬೆಳೆ ರಕ್ಷಣೆಗಾಗಿ ಮೂತಿಯಿಂದ ತುಂಬುವ ಕೋವಿ ಕೇಳುವ ನಾಗರಿಕನಿಗೆ ಪರವಾನಗಿ ನೀಡಬೇಕು ಎಂದು ಅದು ಹೇಳುತ್ತದೆ. ಮುಂದುವರಿದು, ಅಂತಹ ಕೋವಿ ಬೆಳೆ ರಕ್ಷಣೆಗೆ ಸಾಲದು ಎಂದು ಪರವಾನಗಿ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಬಂದೂಕಿಗೂ ಪರವಾನಗಿ ಕೊಡಬಹುದು ಎನ್ನುತ್ತದೆ. ಅಂದರೆ ಕೇಪಿನ ಕೋವಿ ಕೆಲವೊಮ್ಮೆ ಸಾಲದೆ ಹೋಗುತ್ತದೆ ಎಂಬುದನ್ನು ಶಾಸನ ಬರೆದವರೇ ಒಪ್ಪಿಕೊಂಡಿದ್ದರು. ಏಕೆ ಸಾಲದು ಎಂಬುದನ್ನು ಕಾಯ್ದೆ ವಿವರಿಸುವುದಿಲ್ಲ. ಅದನ್ನು ಕರಾವಳಿಯ ಮಳೆಗಾಲ ವಿವರಿಸುತ್ತದೆ.

ಕೇಪಿನ ಕೋವಿಗೆ ಮೊದಲು ಕರಿಮದ್ದು ಸುರಿಯಬೇಕು, ಅದರ ಮೇಲೆ ತೆಂಗಿನ ನಾರಿನಂಥದ್ದನ್ನು ಇಟ್ಟು ಗಜದ ಕೋಲಿನಿಂದ ಜಡಿಯಬೇಕು, ಆಮೇಲೆ ಚರೆ, ಮತ್ತೆ ನಾರು. ಕೊನೆಗೆ ಹಿಂಬದಿಯ ಸಣ್ಣ ತೂತಿನ ತುದಿಗೆ ಕೇಪು ಕೂರಿಸಬೇಕು. ಕುದುರೆ ಬಡಿದಾಗ ಕೇಪಿನ ಕಿಡಿ ಆ ತೂತಿನ ಮೂಲಕ ಒಳಗಿನ ಮದ್ದನ್ನು ತಲುಪಿದರೆ ಈಡು. ತಲುಪದಿದ್ದರೆ ಬರೀ ಟಪ್ ಎಂಬ ಸದ್ದು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್‌ನಷ್ಟು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೆ ಒರಗಿಸಿಟ್ಟ ಚಪ್ಪಲಿಗೂ ಬೂಷ್ಟು ಬರುವ ಹವೆಯಲ್ಲಿ ಕರಿಮದ್ದು ಒಣಗಿರುವುದು ಕಷ್ಟ. ಸಿಡಿದ ಮೇಲೆ ಉಳಿಯುವ ಮಸಿಯಂತೂ ಇನ್ನೂ ಕೆಟ್ಟದ್ದು: ಅದರಲ್ಲಿನ ಲವಣಾಂಶ ಗಾಳಿಯ ತೇವವನ್ನು ಹೀರಿ ನಳಿಗೆಯನ್ನು ಒಳಗಿನಿಂದ ತಿನ್ನುತ್ತದೆ, ತೂತನ್ನು ಮುಚ್ಚುತ್ತದೆ. ಈಡು ಬಿಟ್ಟ ದಿನವೇ ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಎಣ್ಣೆ ಸವರದಿದ್ದರೆ ಮುಂದಿನ ಬಾರಿ ಅದು ಮಾತು ಕೇಳುವುದಿಲ್ಲ.

ಆದರೂ ಹಳೆಯ ತಲೆಮಾರಿನವರಲ್ಲಿ ಕೇಪಿನ ಕೋವಿಯ ಪಕ್ಷಪಾತಿಗಳಿದ್ದಾರೆ. ಅದರಲ್ಲಿ ಕೆಡುವ ಭಾಗಗಳು ಬೆರಳೆಣಿಕೆಯಷ್ಟು. ತೋಟೆಗಾಗಿ ಪೇಟೆಗೆ ಅಲೆಯಬೇಕಿಲ್ಲ. ಸದ್ದಿಗಷ್ಟೇ ಬೇಕಾದರೆ ಚರೆ ಹಾಕದೆ ಬರೀ ಮದ್ದು ಜಡಿದರಾಯಿತು ಎಂಬುದು ಅವರ ಸಮರ್ಥನೆ. ಈ ಕೊನೆಯ ಮಾತಿನಲ್ಲಿ ತಿರುಳಿದೆ. ತೋಟ ಕಾಯುವ ಕೋವಿಯ ಬಹುಪಾಲು ಕೆಲಸ ಕೊಲ್ಲುವುದಲ್ಲ, ಓಡಿಸುವುದು. ಆದರೆ ಒಂದು ಈಡಿನ ಬಳಿಕ ಮತ್ತೆ ತುಂಬಲು ನಿಮಿಷಗಳೇ ಬೇಕು. ಗಾಯಗೊಂಡ ಅಥವಾ ಮರಿಗಳೊಂದಿಗಿರುವ ಹಂದಿ ತಿರುಗಿ ಬಿದ್ದರೆ ಆ ನಿಮಿಷಗಳು ಇರುವುದಿಲ್ಲ. ಅವಸರದಲ್ಲಿ ಅಳತೆ ತಪ್ಪಿ ಇಮ್ಮಡಿ ಮದ್ದು ಬಿದ್ದರೆ ನಳಿಗೆಯೇ ಸೀಳಬಹುದು.

ಎರಡು ನಳಿಗೆ, ಎರಡು ಕುದುರೆ

ಜೋಡುನಳಿಗೆಯ ಬಗ್ಗೆ ಕೋವಿ ಹೊಂದಿದವರಲ್ಲಿ ಒಳ್ಳೆಯ ಅಭಿಪ್ರಾಯ ಇರುವುದಕ್ಕೆ ಇದೇ ಹಿನ್ನೆಲೆ. ಬಳಕೆಯಲ್ಲಿರುವುದು ಹೆಚ್ಚಾಗಿ 12 ಬೋರ್. ಒಂದು ಪೌಂಡ್ ಸೀಸವನ್ನು 12 ಸಮನಾದ ಗುಂಡುಗಳಾಗಿ ಮಾಡಿದರೆ ಒಂದೊಂದರ ದಪ್ಪವೆಷ್ಟೋ ಅಷ್ಟು, ಅಂದರೆ ಸುಮಾರು 18.5 ಮಿ.ಮೀ. ಅಗಲದ ನಳಿಗೆ ಎಂದು ಅರ್ಥ. ಕೋವಿಯನ್ನು ನಡುವೆ ಬಗ್ಗಿಸಿ ಎರಡು ತೋಟೆ ಇಟ್ಟು ಮುಚ್ಚಿದರೆ ಮುಗಿಯಿತು. ಸಾಂಪ್ರದಾಯಿಕ ಜೋಡುನಳಿಗೆಯಲ್ಲಿ ಒಂದೊಂದು ನಳಿಗೆಗೂ ಬೇರೆ ಬೇರೆ ಸ್ಪ್ರಿಂಗ್, ಬೇರೆ ಬೇರೆ ಪಿನ್, ಬೇರೆ ಬೇರೆ ಟ್ರಿಗರ್. ಬಲಗಡೆಯದು ಕೈಕೊಟ್ಟರೆ ಎಡಗಡೆಯದು ಇದೆ. ನೋಡಲು ಒಂದಾದರೂ ನಿಜದಲ್ಲಿ ಅದು ಒಂದೇ ಹಿಡಿಯಲ್ಲಿರುವ ಎರಡು ಕೋವಿ. ಅರೆ-ಸ್ವಯಂಚಾಲಿತ ಬಂದೂಕಿನಲ್ಲಿ ಒಂದು ತೋಟೆ ಸಿಕ್ಕಿಕೊಂಡರೆ ಉಳಿದ ತೋಟೆಗಳೂ ಒಳಗೇ ಬಂದಿ; ಇಲ್ಲಿ ಆ ಭಯವಿಲ್ಲ. ವೇಗವನ್ನು ಬದಿಗಿಟ್ಟು ಭರವಸೆಯನ್ನಷ್ಟೇ ತೂಗಿದರೆ ತಕ್ಕಡಿ ಜೋಡುನಳಿಗೆಯ ಕಡೆಗೇ ವಾಲುತ್ತದೆ.

ಯಾವ ತಯಾರಿಕೆ ಒಳ್ಳೆಯದು ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ಅಜ್ಜನ ಕಾಲದ ಗ್ರೀನರ್, ವೆಬ್ಲಿ ಅಂಡ್ ಸ್ಕಾಟ್ ಮುಂತಾದ ಬರ್ಮಿಂಗ್‌ಹ್ಯಾಮ್ ಕೋವಿಗಳನ್ನು ಹೊಂದಿದವರು ಅವುಗಳ ಹೊರತು ಬೇರೆಯದನ್ನು ಕೋವಿಯೆಂದೇ ಎಣಿಸುವುದಿಲ್ಲ. 1980ರ ದಶಕದ ಮಧ್ಯದಿಂದ ಜನಸಾಮಾನ್ಯರಿಗೆ ಆಮದಿನ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದರಿಂದ ಅಂಥವುಗಳ ಬಿಡಿಭಾಗ ಸಿಗದು. ಸ್ಪ್ರಿಂಗ್ ಮುರಿದರೆ ಕಮ್ಮಟದಲ್ಲಿ ಹೊಸತು ಬಡಿಸಬೇಕು. ಸರ್ಕಾರಿ ಕಾರ್ಖಾನೆಗಳ ಕೋವಿ ಭಾರ, ಅಂದಗೆಟ್ಟದ್ದು, ಆದರೆ ಗಟ್ಟಿ ಎಂಬ ಮಾತಿದೆ. ಜಮ್ಮು ಹಾಗೂ ಬಿಹಾರದ ಮುಂಗೇರ್‌ನ ಖಾಸಗಿ ತಯಾರಿಕೆಗಳು ಅಗ್ಗ. ಅವುಗಳ ಗುಣಮಟ್ಟ ಒಂದರಂತೆ ಒಂದಿಲ್ಲ ಎಂಬ ಆಕ್ಷೇಪವೂ ಇದೆ. ಯಾವುದೇ ಆಗಲಿ, ಕೊಳ್ಳುವಾಗ ನಳಿಗೆಯ ಮೇಲಿನ ಪರೀಕ್ಷಾ ಮುದ್ರೆಯನ್ನೂ ತೋಟೆಯ ಉದ್ದದ ಅಳತೆಯನ್ನೂ ನೋಡುವುದು ವಿವೇಕ. 65 ಮಿ.ಮೀ.ಗೆ ಕೊರೆದ ಹಳೆಯ ಕೋವಿಗೆ 70 ಮಿ.ಮೀ. ತೋಟೆ ಹಾಕಿದರೆ ಅದು ಒಳಗೆ ಕೂರುತ್ತದೆ. ಅಪಾಯ ಕಾಣಿಸುವುದು ಸಿಡಿದ ಮೇಲೆ.

ಕೋವಿ ಹಾರಲಿಲ್ಲ ಎಂದು ದೂರುವಾಗ ಎಷ್ಟೋ ಬಾರಿ ತಪ್ಪು ತೋಟೆಯದ್ದಾಗಿರುತ್ತದೆ. ಹಿಂದಿನ ಕಾಗದದ ತೋಟೆಗಳು ತೇವಕ್ಕೆ ಉಬ್ಬಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತಿದ್ದವು. ಪ್ಲಾಸ್ಟಿಕ್ ಬಂದ ಬಳಿಕ ಆ ಉಪದ್ರ ತಗ್ಗಿದೆ, ಹಿತ್ತಾಳೆಯ ಬುಡಕ್ಕೆ ಹಸಿರು ಕಿಲುಬು ಹಿಡಿಯುವುದು ತಪ್ಪಿಲ್ಲ. ಎಷ್ಟು ತೋಟೆ ಇಟ್ಟುಕೊಳ್ಳಬಹುದು ಎಂಬ ಮಿತಿ ಪರವಾನಗಿ ಪುಸ್ತಕದಲ್ಲೇ ನಮೂದಾಗಿರುತ್ತದೆ. ಆ ಕೆಲವನ್ನೇ ಉಳಿಸಿ ಉಳಿಸಿ ನಾಲ್ಕೈದು ಮಳೆಗಾಲ ದಾಟಿಸುವವರುಂಟು. ಹಾಗೆ ಉಳಿಸಿದ ತೋಟೆ ಸಿಡಿಯದಿದ್ದರೆ ಕೋವಿಯನ್ನು ಬಯ್ಯುವುದು ನ್ಯಾಯವಲ್ಲ. ಸಿಡಿಯದ ತೋಟೆಯನ್ನು ಕೂಡಲೇ ತೆಗೆಯಬಾರದು ಎಂಬುದೂ ನೆನಪಿರಬೇಕು: ಒಳಗೆ ಕಿಡಿ ನಿಧಾನವಾಗಿ ಉರಿಯುತ್ತಿರಬಹುದು. ಮೂತಿಯನ್ನು ನಿರಪಾಯದ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷವಾದರೂ ಕಾಯಬೇಕು.

ಇನ್ನೊಂದು ವೈರಿ ಯಾವ ಕೈಪಿಡಿಯಲ್ಲೂ ಸಿಗದು. ಗೋಡೆಯ ಗೂಟಕ್ಕೆ ನೇತುಹಾಕಿದ ಕೋವಿಯ ನಳಿಗೆ ಮಣ್ಣಿನ ಗೂಡು ಕಟ್ಟುವ ಕುಂಬಾರ ಕಣಜಕ್ಕೆ ಹೇಳಿ ಮಾಡಿಸಿದ ಜಾಗ. ತುಂಬುವ ಮುನ್ನ ನಳಿಗೆಯೊಳಗೆ ಬೆಳಕು ಹಾಯುತ್ತದೆಯೇ ಎಂದು ನೋಡದೆ ಈಡು ಬಿಟ್ಟರೆ ಆ ಹಿಡಿ ಮಣ್ಣೇ ನಳಿಗೆ ಒಡೆಯಲು ಸಾಕು. ಎಣ್ಣೆಯ ವಿಷಯದಲ್ಲೂ ಎಚ್ಚರ ಬೇಕು. ಮನೆಯಲ್ಲೇ ಇದೆಯೆಂದು ತೆಂಗಿನೆಣ್ಣೆ ಸವರಿದರೆ ಕೆಲವು ತಿಂಗಳಲ್ಲಿ ಅದು ಅಂಟಾಗಿ ಪಿನ್ನಿನ ಓಟವನ್ನು ತಡೆಯುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆಯೇ ಮೇಲು.

ಬೇಕಾದಾಗ ಕೈಯಲ್ಲಿ ಇಲ್ಲದ ಕೋವಿ

ಇಷ್ಟೆಲ್ಲ ಸರಿಯಿದ್ದೂ ಕೋವಿ ಮನೆಯಲ್ಲೇ ಇಲ್ಲದಿದ್ದರೆ? ಚುನಾವಣೆ ಘೋಷಣೆಯಾದೊಡನೆ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಜಿಲ್ಲೆಯ ಕೃಷಿಕರ ಹಳೆಯ ಕೊರಗು. 2024ರ ಲೋಕಸಭಾ ಚುನಾವಣೆಯ ದಿನಾಂಕ ಪ್ರಕಟವಾದುದು ಮಾರ್ಚ್ 16ರಂದು, ಫಲಿತಾಂಶ ಬಂದುದು ಜೂನ್ 4ರಂದು. ದಕ್ಷಿಣ ಕನ್ನಡದಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಹಿಂದಿನ ವರ್ಷ ವಿಧಾನಸಭಾ ಚುನಾವಣೆಯೂ ನಡೆದಿತ್ತು. ಮಂಗಗಳು ಬೊಂಡಕ್ಕೆ ಮುಗಿಬೀಳುವ, ಹಂದಿಗಳು ನೀರಿನ ಪಸೆ ಹುಡುಕಿ ತೋಟಕ್ಕಿಳಿದು ಬಾಳೆಯ ಬುಡ, ಅಡಿಕೆ ಸಸಿಯ ಬುಡ ಅಗೆಯುವ ಬೇಸಿಗೆಯಲ್ಲೇ ಕೋವಿ ಠಾಣೆಯ ಕೋಣೆಯಲ್ಲಿರುತ್ತದೆ. ತಿಂಗಳುಗಟ್ಟಲೆ ಒರೆಸದೆ ನಿಂತ ನಳಿಗೆಗೆ ತುಕ್ಕು ಹಿಡಿಯುವುದೂ ಸಹಜ.

ಎಲ್ಲರೂ ಒಪ್ಪಿಸಲೇಬೇಕೆಂದು ಚುನಾವಣಾ ಆಯೋಗ ಹೇಳಿಲ್ಲ ಎಂಬುದು ಇಲ್ಲಿ ಗಮನಾರ್ಹ. ಬಾಂಬೆ ಹೈಕೋರ್ಟಿನ ತೀರ್ಪೊಂದರ ಬಳಿಕ ಆಯೋಗ 2009ರಲ್ಲಿ ನೀಡಿದ ಸೂಚನೆಯಂತೆ, ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಯೊಂದು ಪರವಾನಗಿದಾರರ ಪಟ್ಟಿಯನ್ನು ಪರಿಶೀಲಿಸಬೇಕು. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಗಳಲ್ಲಿ ಭಾಗಿಯಾದವರಂತಹ ಪ್ರಕರಣಗಳಲ್ಲಿ ಕೋವಿ ಒಪ್ಪಿಸಲು ಹೇಳಬೇಕು. ಸಮಿತಿ ಒಬ್ಬೊಬ್ಬರ ಪ್ರಕರಣ ನೋಡುವ ಬದಲು ಸಾರಾಸಗಟಾಗಿ ಆದೇಶ ಹೊರಡುತ್ತದೆ ಎಂಬುದೇ ಕೃಷಿಕರ ತಕರಾರು. 2024ರಲ್ಲಿ ಜಿಲ್ಲೆಯ ಕೆಲವು ಕೃಷಿಕರು ಹೈಕೋರ್ಟಿನ ಮೆಟ್ಟಿಲನ್ನೂ ಏರಿದರು. ಗುಡ್ಡದಾಚೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದ್ದು, 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ವಿಸ್ತರಿಸಲಾಯಿತು. ಸುಳ್ಯದ ಗಡಿಯಲ್ಲಿ ನಿಂತು ನೋಡುವವರಿಗೆ ಈ ಅಂತರ ಕಣ್ಣಿಗೆ ಹೊಡೆಯದಿರದು.

ಕೋವಿ ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಕೊಲ್ಲುವ ಹಕ್ಕು ಬರುವುದಿಲ್ಲ. ಬೆಳೆ ರಕ್ಷಣೆಯ ಪರವಾನಗಿ ಆಯುಧಕ್ಕೆ ಸಂಬಂಧಿಸಿದ್ದು. ಪ್ರಾಣಿಗೆ ಸಂಬಂಧಿಸಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. 2022ರ ತಿದ್ದುಪಡಿಯ ಬಳಿಕ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯಕಾರಿಯಾದಾಗ ಅಧಿಕೃತ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಪಡೆದು ಮಾತ್ರ ಅದನ್ನು ಕೊಲ್ಲಬಹುದು. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಹೀಗಾಗಿ ಆಕಾಶಕ್ಕೆ ಹಾರಿಸುವ ಈಡೇ ಹೆಚ್ಚು. ಆ ಕೆಲಸಕ್ಕೆ ಗರ್ನಾಲು ಸಾಲದೇ ಎಂದು ಕೇಳುವವರಿದ್ದಾರೆ. ದಿನವೂ ಕೇಳುವ ಸದ್ದಿಗೆ ಮಂಗಗಳು ಬೇಗನೆ ಒಗ್ಗಿಕೊಳ್ಳುತ್ತವೆ, ಕೋವಿ ಹಿಡಿದು ಬರುವ ಮನುಷ್ಯನನ್ನು ಕಂಡರೆ ಮಾತ್ರ ಜಾಗ ಖಾಲಿ ಮಾಡುತ್ತವೆ ಎಂಬುದು ತೋಟದವರ ಉತ್ತರ. ಇದರಲ್ಲಿ ಅರ್ಧ ಅನುಭವ, ಅರ್ಧ ನಂಬಿಕೆ ಇದ್ದೀತು.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರನಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಹೊಂದಿ 25 ವರ್ಷ ಕಳೆದಾಗ, ಯಾವುದು ಮೊದಲೋ ಆಗ, ವಾರಸುದಾರನ ಹೆಸರಿಗೆ ಅದನ್ನು ವರ್ಗಾಯಿಸಲು ಅವಕಾಶವಿದೆ. ಹೊಸದಾಗಿ ಪರವಾನಗಿ ಪಡೆಯುವವರು ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯನ್ನೂ ಪಡೆಯಬೇಕು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನೋ ಮಗಳೋ ಇದಕ್ಕಾಗಿ ರಜೆ ಹಾಕಿ ಊರಿಗೆ ಬರಬೇಕು, ತರಬೇತಿ ಮುಗಿಸಬೇಕು, ಕಡತವನ್ನು ಕಚೇರಿಯಿಂದ ಕಚೇರಿಗೆ ಹಿಂಬಾಲಿಸಬೇಕು. ಅಷ್ಟು ಮಾಡುವವರು ಇಲ್ಲದ ಮನೆಗಳಲ್ಲಿ ಕೋವಿಯನ್ನು ಮಾರುವುದೋ ಒಪ್ಪಿಸುವುದೋ ಎಂಬ ಮಾತುಕತೆ ನಡೆದಿರುತ್ತದೆ. ಅತ್ತ ವಯಸ್ಸಾದ ಯಜಮಾನರು ರಾತ್ರಿ ಟಾರ್ಚ್ ಹಿಡಿದು ಗುಡ್ಡದ ಬದಿಗೆ ಇನ್ನೂ ಹೋಗಿಬರುತ್ತಿರುತ್ತಾರೆ.